ರ‍್ಯಾಂಕಿಂಗ್ ‘ಕುಸಿತ’ದ ಜೊತೆಗೆ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಭಾರತದ ಟೆನಿಸ್ ಆಟಗಾರ ಸುಮಿತ್ ನಗಾಲ್ ಅವರ ಹೆಸರು ಕ್ರೀಡಾಪುಟಗಳಲ್ಲಿ ಕಾಣುವುದು ಹೆಚ್ಚಾಗಿ ಎರಡೇ ಸಂದರ್ಭಗಳಲ್ಲಿ. ಒಂದು ‘ಐತಿಹಾಸಿಕ ಗೆಲುವು’, ಇನ್ನೊಂದು ‘ರ‍್ಯಾಂಕಿಂಗ್‌ನಲ್ಲಿ ಭಾರಿ ಕುಸಿತ’. ಎರಡನೆಯದನ್ನು ಓದಿದವರು ಕಳೆದ ವಾರ ಅವರು ತೀರಾ ಕೆಟ್ಟದಾಗಿ ಆಡಿರಬೇಕು ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಆ ವಾರ ಆಟಗಾರ ಅಂಕಣಕ್ಕೇ ಇಳಿದಿರುವುದಿಲ್ಲ. ಒಂದು ವರ್ಷದ ಹಿಂದೆ ಗಳಿಸಿದ ಅಂಕಗಳ ಅವಧಿ ಮುಗಿದಿರುತ್ತದೆ, ಅಷ್ಟೇ.

ಪುರುಷರ ವೃತ್ತಿಪರ ಟೆನಿಸ್ ಸಂಘಟನೆಯಾದ ಎಟಿಪಿಯ ರ‍್ಯಾಂಕಿಂಗ್ ಲೆಕ್ಕ ಹಾಕುವುದು ಕಳೆದ 52 ವಾರಗಳ ಅಂಕಗಳ ಮೇಲೆ. ಒಂದು ಟೂರ್ನಿಯಲ್ಲಿ ಬಂದ ಅಂಕ 52 ವಾರ ಖಾತೆಯಲ್ಲಿದ್ದು ಆಮೇಲೆ ತಾನಾಗಿಯೇ ಹೋಗುತ್ತದೆ. ಅದೇ ಹೊತ್ತಿಗೆ ಅಷ್ಟೇ ಅಂಕ ಹೊಸದಾಗಿ ಬಂದರೆ ಸ್ಥಾನ ಉಳಿಯುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. 2022ರ ವಿಂಬಲ್ಡನ್‌ಗೆ ರ‍್ಯಾಂಕಿಂಗ್ ಅಂಕಗಳೇ ಇರಲಿಲ್ಲ. ಪ್ರಶಸ್ತಿ ಗೆದ್ದ ನೊವಾಕ್ ಜೊಕೊವಿಚ್ ಮಾರನೆಯ ದಿನ 3ನೇ ಸ್ಥಾನದಿಂದ 7ಕ್ಕೆ ಇಳಿದರು. ಹಿಂದಿನ ವರ್ಷದ 2000 ಅಂಕ ಹೋಗಿತ್ತು, ಹೊಸದು ಸೊನ್ನೆ. ಚಾಂಪಿಯನ್ನರ ಆಟ ಕೆಟ್ಟಿತ್ತು ಎಂದು ಆಗ ಯಾರೂ ಬರೆಯಲಿಲ್ಲ.

ನಗಾಲ್ ಅವರ ಲೆಕ್ಕವನ್ನೂ ಹೀಗೆಯೇ ಬಿಡಿಸಿ ನೋಡಬೇಕು. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅವರು ಅರ್ಹತಾ ಸುತ್ತಿನಿಂದ ಬಂದು ಮೊದಲ ಸುತ್ತಿನಲ್ಲಿ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು 6-4, 6-2, 7-6ರಿಂದ ಸೋಲಿಸಿದರು. ಗ್ರ್ಯಾಂಡ್‌ಸ್ಲಾಂ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತ (ಆ ಟೂರ್ನಿಯಲ್ಲಿ ಮುಂಚೂಣಿಯವರೆಂದು ಸೀಡಿಂಗ್ ಪಡೆದ) ಆಟಗಾರನನ್ನು ಭಾರತದ ಪುರುಷ ಆಟಗಾರರೊಬ್ಬರು ಮಣಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಅವರ ನಂತರ ಅದೇ ಮೊದಲು. ಅರ್ಹತೆಗೆ 30, ಎರಡನೇ ಸುತ್ತಿಗೆ 50, ಒಟ್ಟು 80 ಅಂಕ ಸಿಕ್ಕವು. ಮರುತಿಂಗಳು ಚೆನ್ನೈ ಚಾಲೆಂಜರ್ (ಮುಖ್ಯ ಟೂರ್ನಿಗಳಿಗಿಂತ ಒಂದು ಹಂತ ಕೆಳಗಿನ ಟೂರ್ನಿ) ಗೆದ್ದು 100 ಅಂಕ ಗಳಿಸಿ 98ನೇ ಸ್ಥಾನಕ್ಕೇರಿದರು. ಜೂನ್‌ನಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಮತ್ತೊಂದು ಚಾಲೆಂಜರ್ ಕಿರೀಟ. ಜುಲೈನಲ್ಲಿ 68ನೇ ಸ್ಥಾನ, ಅವರ ವೃತ್ತಿಜೀವನದ ಅತ್ಯುತ್ತಮ.

2025ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಆಸ್ಟ್ರೇಲಿಯನ್ ಓಪನ್‌ನ ಮೊದಲ ಸುತ್ತಿನಲ್ಲಿ ತೋಮಾಸ್ ಮಹಾಚ್ ಎದುರು ಸೋತಾಗ ಸಿಕ್ಕಿದ್ದು 10 ಅಂಕ. ಹೋಗಿದ್ದು 80. ಫೆಬ್ರುವರಿಯಲ್ಲಿ ಚೆನ್ನೈನ ನೂರೂ ಹೋಯಿತು. ನೂರನೇ ಸ್ಥಾನದ ಆಸುಪಾಸಿನವರ ಖಾತೆಯಲ್ಲಿ ಇರುವುದೇ ಸುಮಾರು 600 ಅಂಕ. ಹೊಸದಾಗಿ ಬಂದ 10 ಕಳೆದು ಅದರಲ್ಲಿ 170 ಹೋದರೆ ಕಾಲುಭಾಗಕ್ಕಿಂತ ಹೆಚ್ಚು ಕರಗಿದಂತೆ. ಜೂನ್‌ನಲ್ಲಿ ಹೈಲ್‌ಬ್ರಾನ್‌ನ ಅಂಕಗಳ ಅವಧಿಯೂ ಮುಗಿದು ಅವರು 200ರ ಆಚೆಗೆ ಬಿದ್ದರು. ಆ ವರ್ಷ ಸೋಲುಗಳು ಹೆಚ್ಚಿದ್ದು ನಿಜ. ಆದರೆ ಯಾವ ವಾರ ಎಷ್ಟು ಅಂಕ ಹೋಗುತ್ತದೆ ಎಂಬುದು ಹನ್ನೆರಡು ತಿಂಗಳು ಮೊದಲೇ ಗೊತ್ತಿರುವ ಸಂಗತಿ. ಅದನ್ನು ಆ ದಿನದ ಆಘಾತವೆಂಬಂತೆ ಬರೆಯುವುದು ಸರಿಯಲ್ಲ.

ನಮ್ಮ ಆಟಗಾರರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಭಾರತದ ಚಾಲೆಂಜರ್ ಟೂರ್ನಿಗಳು ಸಾಮಾನ್ಯವಾಗಿ ವರ್ಷದ ಮೊದಲ ಎರಡು ಮೂರು ತಿಂಗಳಲ್ಲೇ ಸಾಲಾಗಿ ಬರುತ್ತವೆ. ಪ್ರಯಾಣದ ಖರ್ಚು ಕಡಿಮೆ, ವೈಲ್ಡ್ ಕಾರ್ಡ್ (ಆಯೋಜಕರು ತಾವೇ ಕೊಡುವ ಪ್ರವೇಶ) ಸಿಗುವ ಸಾಧ್ಯತೆ ಹೆಚ್ಚು, ಹಾಗಾಗಿ ಅಂಕ ಗಳಿಸಲು ಒಳ್ಳೆಯ ಕಾಲ. ಅಲ್ಲಿ ಗಳಿಸಿದ್ದೆಲ್ಲ ಮರುವರ್ಷ ಅದೇ ಕೆಲವು ವಾರಗಳಲ್ಲಿ ಒಟ್ಟಿಗೇ ಹೋಗುತ್ತದೆ. ಆ ಹೊತ್ತಿಗೆ ಸೊಂಟವೋ ಬೆನ್ನೋ ಕೈಕೊಟ್ಟರೆ ವರ್ಷವೇ ಹಾಳಾದಂತೆ.

ಸ್ಥಾನ ಇಳಿದರೆ ಜೇಬಿಗೆ ಬೀಳುವ ಪೆಟ್ಟನ್ನೂ ಓದುಗರಿಗೆ ಹೇಳಬೇಕು. ಗ್ರ್ಯಾಂಡ್‌ಸ್ಲಾಂ ಸಿಂಗಲ್ಸ್‌ನಲ್ಲಿ 128 ಆಟಗಾರರು. ರ‍್ಯಾಂಕಿಂಗ್ ಆಧಾರದ ಮೇಲೆ ನೇರ ಪ್ರವೇಶ ಸಿಗುವುದು 104 ಮಂದಿಗೆ. 16 ಸ್ಥಾನ ಅರ್ಹತಾ ಸುತ್ತಿನವರಿಗೆ, 8 ವೈಲ್ಡ್ ಕಾರ್ಡ್‌ಗೆ. ಆ ಪಟ್ಟಿ ಟೂರ್ನಿಗೆ ಸುಮಾರು ಆರು ವಾರ ಮೊದಲೇ ಸಿದ್ಧವಾಗುತ್ತದೆ. 2024ರ ಮೆಲ್ಬರ್ನ್‌ನಲ್ಲಿ ಪ್ರಧಾನ ಸುತ್ತಿನ ಮೊದಲ ಪಂದ್ಯ ಸೋತವರಿಗೂ 1,20,000 ಆಸ್ಟ್ರೇಲಿಯನ್ ಡಾಲರ್ ಇತ್ತು. ಅರ್ಹತಾ ಹಂತದ ಮೊದಲ ಪಂದ್ಯದಲ್ಲೇ ಸೋತರೆ 31,250. ಒಬ್ಬ ಕೋಚ್ ಜೊತೆ ಸುತ್ತಾಡಲು ವರ್ಷಕ್ಕೆ 80 ಲಕ್ಷದಿಂದ ಒಂದು ಕೋಟಿ ರೂಪಾಯಿ ಬೇಕು, ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು ಸುಮಾರು 900 ಯೂರೊ ಎಂದು 2023ರ ಸೆಪ್ಟೆಂಬರ್‌ನಲ್ಲಿ ನಗಾಲ್ ಅವರೇ ಹೇಳಿದ್ದರು. ಆ ವರ್ಷ ಅವರು ರೋಮ್ ಮತ್ತು ಟಾಂಪೆರೆಯಲ್ಲಿ ಎರಡು ಚಾಲೆಂಜರ್ ಗೆದ್ದಿದ್ದರು!

ಡಬಲ್ಸ್‌ನಲ್ಲಿ ಪೆಟ್ಟು ಇನ್ನೂ ಜೋರು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಸಿಕ್ಕಿದ್ದು 2000 ಅಂಕ, 43ರ ವಯಸ್ಸಿನಲ್ಲಿ ವಿಶ್ವದ ಅಗ್ರಸ್ಥಾನ. ಮರುವರ್ಷ ಹೊಸ ಜೊತೆಗಾರನೊಂದಿಗೆ ಮೊದಲ ಸುತ್ತಿನಲ್ಲೇ ಸೋತರು. ಸಿಂಗಲ್ಸ್‌ನಲ್ಲಾದರೆ ಮೊದಲ ಸುತ್ತಿಗೆ 10 ಅಂಕ ಇದೆ, ಡಬಲ್ಸ್‌ನಲ್ಲಿ ಅದೂ ಇಲ್ಲ. ಎರಡು ಸಾವಿರದ ಜಾಗದಲ್ಲಿ ಸೊನ್ನೆ.

ಗಾಯಾಳುಗಳಿಗೆ ಸಿಗುವ ‘ಪ್ರೊಟೆಕ್ಟೆಡ್ ರ‍್ಯಾಂಕಿಂಗ್’ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಕನಿಷ್ಠ ಆರು ತಿಂಗಳು ಆಡದೇ ಇದ್ದವರಿಗೆ ಗಾಯಗೊಂಡ ನಂತರದ ಮೊದಲ ಮೂರು ತಿಂಗಳ ಸರಾಸರಿ ಸ್ಥಾನದ ಮೇಲೆ ಸೀಮಿತ ಸಂಖ್ಯೆಯ ಟೂರ್ನಿಗಳಿಗೆ ಪ್ರವೇಶ ಕೊಡುವ ವ್ಯವಸ್ಥೆ ಇದು. ಕಳೆದುಕೊಂಡ ಅಂಕ ವಾಪಸ್ ಬರುವುದಿಲ್ಲ, ಶ್ರೇಯಾಂಕವೂ ಸಿಗುವುದಿಲ್ಲ. 2021ರ ಸೊಂಟದ ಶಸ್ತ್ರಚಿಕಿತ್ಸೆಯ ಬಳಿಕ ನಗಾಲ್ 500ರ ಆಚೆಯಿಂದ ಒಂದೊಂದೇ ಟೂರ್ನಿ ಆಡಿ ಮೇಲೆ ಬರಬೇಕಾಯಿತು.

ಆದ್ದರಿಂದ ಒಂದು ವಿನಂತಿ. ರ‍್ಯಾಂಕಿಂಗ್ ಸುದ್ದಿ ಹಾಕುವಾಗ ಈ ವಾರ ಎಷ್ಟು ಅಂಕ ಹೋಯಿತು, ಅದು ಯಾವ ಟೂರ್ನಿಯದ್ದು, ಮುಂದಿನ ಎರಡು ತಿಂಗಳಲ್ಲಿ ಇನ್ನೆಷ್ಟು ಹೋಗಲಿದೆ ಎಂಬುದನ್ನು ಎರಡು ಸಾಲಿನಲ್ಲಿ ಸೇರಿಸಿ. ಜೊತೆಗೆ ಶ್ರೇಯಾಂಕ ಎಂಬ ಪದವನ್ನು ಒಂದು ಟೂರ್ನಿಯೊಳಗಿನ ಸೀಡಿಂಗ್‌ಗೆ ಮಾತ್ರ ಬಳಸಿ. ‘ವಿಶ್ವ ಶ್ರೇಯಾಂಕ 98’ ಎಂದು ಓದಿದ ಶಾಲಾ ಹುಡುಗರು, ಗ್ರ್ಯಾಂಡ್‌ಸ್ಲಾಂನಲ್ಲಿ ಶ್ರೇಯಾಂಕ ಇರುವುದು 32 ಮಂದಿಗೆ ಮಾತ್ರವಲ್ಲವೇ ಎಂದು ಕೇಳುತ್ತಾರೆ. ಅವರ ಪ್ರಶ್ನೆ ಸರಿಯಾಗಿಯೇ ಇದೆ.

— ಟೆನಿಸ್ ತರಬೇತುದಾರರೊಬ್ಬರು, ಮೈಸೂರು