ನನಗೆ ಅರ್ಧ ಗಂಟೆ ಕೊಟ್ಟವರಿಗೆ

ಮೊನ್ನೆ ನೀರು ತುಂಬುವ ಹಬ್ಬದ ಸಂಜೆ ನಮ್ಮ ಅತ್ತೆ ವಾಕರ್ ಹಿಡಿದುಕೊಂಡು ಬಚ್ಚಲುಮನೆಯವರೆಗೆ ತಾವೇ ನಡೆದು ಬಂದರು. ಹಂಡೆ ಬಾಗಿಲ ಹತ್ತಿರ ತಂದಿಟ್ಟಿದ್ದೆ. ಒಂದು ಕೈ ವಾಕರ್ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯ ಬೆರಳನ್ನು ಸುಣ್ಣದಲ್ಲಿ ಅದ್ದಿ, ಹಂಡೆಗೆ ಮೂರು ಗೆರೆ ಎಳೆದರು. ಕೈ ನಡುಗಿ ಕೊನೆಯ ಗೆರೆ ಕೆಳಕ್ಕೆ ಜಾರಿತು. ಒರೆಸಿ ಮತ್ತೆ ಎಳೆದರು. ನಾನು ಹಿಂದೆ ನಿಂತು ಅವರ ಸೊಂಟದ ಹತ್ತಿರ ಕೈ ಚಾಚಿಕೊಂಡೇ ಇದ್ದೆ, ಆದರೆ ಹಿಡಿಯುವ ಪ್ರಮೇಯ ಬರಲಿಲ್ಲ.

ಎರಡು ವರ್ಷದ ಹಿಂದೆ ಇದೇ ಹಬ್ಬದ ಸಂಜೆ, ಇದೇ ಬಚ್ಚಲಲ್ಲಿ ಹಂಡೆ ತೊಳೆಯುವಾಗ ಅವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಗ ಅವರಿಗೆ 76 ವರ್ಷ. ಮಾವನವರಿಗೆ ಅಷ್ಟರಲ್ಲಾಗಲೇ ಮರೆವಿನ ಕಾಯಿಲೆ ಶುರುವಾಗಿತ್ತು. ಅಲ್ಲಿಯವರೆಗೆ ಅವರನ್ನು ಹಗಲೂ ರಾತ್ರಿ ನೋಡಿಕೊಳ್ಳುತ್ತಿದ್ದವರು ಅತ್ತೆಯೇ. ಅವರು ಬಿದ್ದ ದಿನ ಇಬ್ಬರೂ ನನ್ನ ಕೈಗೆ ಬಂದರು.

ಈ ಎರಡು ವರ್ಷ ಜೊತೆಗಿದ್ದವರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ. ಬಾಯಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಆರು ತಿಂಗಳು ಸರಿಯಾಗಿ ನೆನಪೇ ಇಲ್ಲ. ಆಪರೇಷನ್ ಆದಮೇಲೆ ಅತ್ತೆಗೆ ಹಾಸಿಗೆ ಹುಣ್ಣು ಆಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಈ ಕಡೆ ಮಾವ ರಾತ್ರಿ ಎರಡಕ್ಕೆ ಎದ್ದು "ಶಿಫ್ಟ್‌ಗೆ ಹೊತ್ತಾಯ್ತು, ಡಬ್ಬಿ ಎಲ್ಲಿ?" ಅಂತ ಬಾಗಿಲ ಚಿಲಕ ತೆಗೆಯುತ್ತಿದ್ದರು. ಅವರು ನಮ್ಮ ಮೈಸೂರಿನ ರೇಷ್ಮೆ ಕಾರ್ಖಾನೆಯಲ್ಲಿ, 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾಯಿತಲ್ಲ ಅದೇ ಕಾರ್ಖಾನೆಯಲ್ಲಿ, 34 ವರ್ಷ ದುಡಿದವರು. ಮಕ್ಕಳ ಹೆಸರು ಮರೆತರೂ ಶಿಫ್ಟ್ ಮರೆತಿಲ್ಲ.

ಆಗೆಲ್ಲ ಬಟ್ಟೆ ಒಣಗಿಸುವ ನೆಪದಲ್ಲಿ ಮಹಡಿಗೆ ಹೋಗಿ ನೀರಿನ ಟ್ಯಾಂಕ್ ಪಕ್ಕ ಐದು ನಿಮಿಷ ಸುಮ್ನೆ ನಿಲ್ಲುತ್ತಿದ್ದೆ. ಅಲ್ಲಿ ಸದ್ದೇ ಇರುತ್ತಿರಲಿಲ್ಲ. ಆದರೂ ನೆಮ್ಮದಿ ಇಲ್ಲ, ಯಾಕೆಂದರೆ ಕಿವಿ ಕೆಳಗೇ ಇರುತ್ತಿತ್ತು. ಏನೋ ಬಿದ್ದ ಹಾಗಾಯ್ತಾ, ಕರೆದರಾ, ಗೇಟ್ ಸದ್ದಾಯ್ತಾ ಅಂತ. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುತ್ತಿರುವವರಿಗೆ ಇದು ಗೊತ್ತಿರುತ್ತೆ. ನಮ್ಮ ಬದಲು ಇನ್ನೊಬ್ಬರು ಕಿವಿ ಕೊಟ್ಟು ಕೂತಾಗಲೇ ನಮಗೆ ಬಿಡುವು.

ಹಾಗೆ ಮೊದಲು ಕೂತವರು ಎದುರುಮನೆ ಆಂಟಿ. ನಾನು ಕೇಳಿರಲಿಲ್ಲ. ಒಂದು ಬೆಳಿಗ್ಗೆ ಆರು ಗಂಟೆಗೆ ಕಾಫಿ ಫ್ಲಾಸ್ಕ್ ಹಿಡಿದುಕೊಂಡು ಬಂದು, "ನೀನು ಕೆರೆ ಕಡೆ ಹೋಗಿ ಬಾ, ನಾನು ಇಲ್ಲೇ ಪೇಪರ್ ಓದ್ತಾ ಇರ್ತೀನಿ" ಅಂದರು. ಅವತ್ತು ಚಪ್ಪಲಿ ಹಾಕಿಕೊಳ್ಳುವಾಗಲೂ ನನಗೆ ಅನುಮಾನ. ಕುಕ್ಕರಹಳ್ಳಿ ಕೆರೆ ನಮ್ಮ ಮನೆಗೆ ಅಷ್ಟು ಹತ್ತಿರ, ಆದರೂ ವರ್ಷದಿಂದ ಅತ್ತ ಕಾಲಿಟ್ಟಿರಲಿಲ್ಲ. ಪೂರ್ತಿ ಸುತ್ತು ಹಾಕುವಷ್ಟು ಟೈಮ್ ಇಲ್ಲ, ಏರಿ ಮೇಲೆ ಸ್ವಲ್ಪ ದೂರ ನಡೆದು ಒಂದು ಕಲ್ಲುಬೆಂಚಿನ ಮೇಲೆ ಕೂತೆ. ಒಂದು ಹೆಜ್ಜಾರ್ಲೆ ನೀರಿನ ಮೇಲೆ ಬಂದಿಳಿದು, ಆ ದೊಡ್ಡ ಕೊಕ್ಕನ್ನು ಎದೆಗೆ ಒತ್ತಿಕೊಂಡು, ಅಲುಗಾಡದೆ ತೇಲುತ್ತಿತ್ತು. ಅದನ್ನೇ ನೋಡುತ್ತಾ ಕೂತವಳಿಗೆ ಇಪ್ಪತ್ತು ನಿಮಿಷ ಕಳೆದದ್ದೇ ಗೊತ್ತಾಗಲಿಲ್ಲ. ಮನೆಗೆ ಬಂದರೆ ಆಂಟಿ ಮಾವನಿಗೆ ಸಿನಿಮಾ ಜಾಹೀರಾತು ಓದಿ ಹೇಳುತ್ತಿದ್ದರು. ಆವತ್ತಿನಿಂದ ಇವತ್ತಿನವರೆಗೂ ಮಂಗಳವಾರ, ಶುಕ್ರವಾರ ತಪ್ಪದೆ ಬರುತ್ತಾರೆ. ಆಂಟಿ, ಇದನ್ನು ನಿಮ್ಮ ಮಗಳು ನಿಮಗೆ ಓದಿ ಹೇಳ್ತಾಳೆ ಅಂತ ಗೊತ್ತು. ನೀವು ಬರದೇ ಇದ್ದಿದ್ದರೆ ನಾನು ಹಾಸಿಗೆ ಹಿಡಿದುಬಿಡುತ್ತಿದ್ದೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಒಂದು ಸಂಜೆ ನಾನು ಮಾವನ ಮೇಲೆ ಕಿರುಚಿದೆ. "ಮನೆಗೆ ಹೋಗೋಣ ಬಾ, ಮನೆಗೆ ಹೋಗೋಣ" ಅಂತ ಒಂದು ಗಂಟೆಯಿಂದ ಕೈ ಎಳೆಯುತ್ತಿದ್ದರು. "ಇದೇ ಮನೆ ಮಾವ, ಎಷ್ಟು ಸಲ ಹೇಳೋದು!" ಅಂದುಬಿಟ್ಟೆ. ಅವರು ಮಗುವಿನ ಹಾಗೆ ಹೆದರಿ ಗೋಡೆಗೆ ಒರಗಿ ನಿಂತರು. ಆ ಮುಖ ಇನ್ನೂ ಕಣ್ಣಮುಂದಿದೆ. ಆ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆ ಇದ್ದ ಹೆಣ್ಣುಮಗಳು ನಾನು ಅತ್ತು ಮುಗಿಸುವವರೆಗೂ ಸುಮ್ಮನಿದ್ದು, ಆಮೇಲೆ "ನೀವು ಊಟ ಮಾಡಿದ್ರಾ?" ಅಂತ ಕೇಳಿದರು. ಎಷ್ಟೋ ತಿಂಗಳಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವರ ಹೆಸರು ಗೊತ್ತಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಸಂಜೆ ಹೊತ್ತು ಚಡಪಡಿಕೆ ಜಾಸ್ತಿ ಆಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ ಅಂತ ವಿವರಿಸಿದವರು ನಮ್ಮ ಡಾಕ್ಟರಮ್ಮ. ಕತ್ತಲಾಗುವ ಮೊದಲೇ ಎಲ್ಲ ಕೋಣೆಯಲ್ಲೂ ಲೈಟ್ ಹಾಕಿಬಿಡಿ, ವಾದ ಮಾಡಬೇಡಿ, ಕೈಗೆ ಏನಾದರೂ ಕೆಲಸ ಕೊಡಿ ಅಂದರು. ಕೆಲಸ ಕಂಡುಹಿಡಿದಿದ್ದು ಮಾತ್ರ ಅತ್ತೆ. ಮಲಗಿದ್ದಲ್ಲಿಂದಲೇ, "ಅವರಿಗೆ ಬಟ್ಟೆ ಕೊಡೇ" ಅಂದರು. ಒಂದು ಬುಟ್ಟಿ ತುಂಬ ಒಗೆದ ಟವಲ್, ಪಂಚೆ, ನನ್ನ ಹಳೇ ಸೀರೆ ಕೊಟ್ಟೆ. ಮಾವ ಸೀರೆಯ ಸೆರಗನ್ನು ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿದು ನಿಧಾನವಾಗಿ ಉಜ್ಜಿದರು. ಬೆಳಕಿಗೆ ಹಿಡಿದು ಅಂಚು ನೋಡಿದರು. ಆಮೇಲೆ ಅಂಚಿಗೆ ಅಂಚು ಕೂಡಿಸಿ, ಅಂಗೈಯಲ್ಲಿ ಒತ್ತಿ, ಅಂಗಡಿಯಲ್ಲಿ ಮಡಿಚಿದ ಹಾಗೆ ಮಡಿಚಿದರು. ನನ್ನ ಹೆಸರು ಗೊತ್ತಿಲ್ಲದ ಆ ಕೈಗೆ ನೇಯ್ಗೆ ಗೊತ್ತಿತ್ತು. ಆವತ್ತಿನಿಂದ ಮಧ್ಯಾಹ್ನದ ಮೇಲೆ ಅವರು ಬಟ್ಟೆ ಮಡಿಚುತ್ತಾ ಕೂತರೆ, ನಾನು ಪಕ್ಕದಲ್ಲೇ ಚಾಪೆ ಮೇಲೆ ಕೂತು ಕಾಫಿ ಕುಡಿಯುತ್ತೇನೆ. ಇಬ್ಬರೂ ಮಾತಾಡುವುದಿಲ್ಲ. ಇಡೀ ದಿನದಲ್ಲಿ ನನಗೆ ತುಂಬಾ ಇಷ್ಟದ ಹೊತ್ತು ಅದು.

ನಾದಿನಿ ತನ್ನ ವರ್ಷದ ರಜೆಯನ್ನೆಲ್ಲ ಒಟ್ಟುಮಾಡಿಕೊಂಡು ಮೇ ತಿಂಗಳಲ್ಲಿ ಬಂದು, ನನ್ನನ್ನು ಒತ್ತಾಯದಿಂದ ಮೂರು ದಿನ ಶಿರಸಿಗೆ, ಅಕ್ಕನ ಮನೆಗೆ ಕಳಿಸಿದಳು. ಮೂರು ದಿನದಲ್ಲಿ ಒಂದು ಸಲವೂ ಅವಳಾಗಿ ಫೋನ್ ಮಾಡಲಿಲ್ಲ. ಅದಕ್ಕೇ ಅವಳಿಗೆ ನಮಸ್ಕಾರ. ಅತ್ತೆಯನ್ನು ಬೈಯದೆ, ಅವಸರ ಮಾಡದೆ ಹೆಜ್ಜೆ ಹಾಕಿಸಿದ ಫಿಸಿಯೋ ಹುಡುಗನಿಗೆ, ರಾತ್ರಿ ಪಾಳಿ ತಾನು ತೆಗೆದುಕೊಂಡು ನನ್ನನ್ನು ಮಲಗಿಸಿದ ನನ್ನ ಗಂಡನಿಗೆ, ಅಜ್ಜನ ಡೈಪರ್ ಬದಲಿಸಲು ಮುಖ ಸಿಂಡರಿಸದೆ ಕಲಿತ ನನ್ನ ಮಗನಿಗೆ.

ಕೊನೆಗೆ ಅತ್ತೆಗೆ. ನಿಮಗೆ ನೋವಿದ್ದಾಗಲೂ "ನೀನು ಸ್ವಲ್ಪ ಕೂತ್ಕೋ ಹೋಗು, ನಾನಿದೀನಲ್ಲ, ಅವರು ಎದ್ರೆ ಕೂಗ್ತೀನಿ" ಅಂತ ಎಷ್ಟು ಸಲ ಅಂದಿದ್ದೀರಿ. ಏಳಲಾಗದೆ ಮಲಗಿದ್ದವರು ನೀವು, ಕಿವಿ ಕೊಟ್ಟು ಕಾವಲಿದ್ದವರೂ ನೀವೇ. ನಾನು ಅದನ್ನು ಗಮನಿಸಿದ್ದೆ ಅತ್ತೆ. ಹೇಳಿರಲಿಲ್ಲ ಅಷ್ಟೇ.

ಇದನ್ನು ಬರೆಯುವಷ್ಟರಲ್ಲಿ ಮಾವ ಎರಡು ಬುಟ್ಟಿ ಬಟ್ಟೆ ಮಡಿಚಿಟ್ಟಿದ್ದಾರೆ. ಐದೂಮುಕ್ಕಾಲು ಆಯ್ತು, ಎದ್ದು ಲೈಟ್ ಹಾಕಬೇಕು.