ಶೀಟು ಇಳಿಸಿದಿರಿ, ಧೂಳು ನಮಗೆ ಬಿಟ್ಟಿರಿ

ಇಂದ:
ಕಾರ್ಯದರ್ಶಿ,
ಹಳೇ ಕ್ಯೂರಿಂಗ್ ಕಟ್ಟಡದ ಸ್ಥಳೀಯ ಸಮಿತಿ,
ಚಿಕ್ಕಮಗಳೂರು

ಗೆ:
ವ್ಯವಸ್ಥಾಪಕರು,
ಆಸ್ಬೆಸ್ಟಾಸ್ ತೆರವಿನ ಗುತ್ತಿಗೆ ಪಡೆದ ಸಂಸ್ಥೆ,
ಬೆಂಗಳೂರು

ವಿಷಯ: ಹಳೇ ಕಾಫಿ ಕ್ಯೂರಿಂಗ್ ಕಟ್ಟಡದ ಆಸ್ಬೆಸ್ಟಾಸ್ ತೆರವು ಒಪ್ಪಂದದಂತೆ ನಡೆಯದಿರುವುದು ಹಾಗೂ ಅಂತಿಮ ಬಿಲ್ಲು ತಡೆಹಿಡಿದಿರುವ ಬಗ್ಗೆ.

ಮಾನ್ಯರೇ,

ನಿಮ್ಮ ಅಂತಿಮ ಬಿಲ್ಲೂ ‘ಕಟ್ಟಡ ಆಸ್ಬೆಸ್ಟಾಸ್ ಮುಕ್ತ’ ಎಂಬ ಪ್ರಮಾಣಪತ್ರವೂ ಕೈಸೇರಿವೆ. ಬಿಲ್ಲು ಪಾಸು ಮಾಡುತ್ತಿಲ್ಲ, ಪ್ರಮಾಣಪತ್ರವನ್ನು ಒಪ್ಪುತ್ತಲೂ ಇಲ್ಲ. ಮಾಡಿನ ಮೇಲೆ ಗಟ್ಟಿಯಾಗಿ ಕೂತಿದ್ದ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ನೀವು ಪುಡಿ ಮಾಡಿ ಒಳಗಿನ ನೆಲಕ್ಕೂ ಅಕ್ಕಪಕ್ಕದವರ ಅಂಗಳಕ್ಕೂ ಹರಡಿ ಹೋಗಿದ್ದೀರಿ. ನೀವು ಬರುವ ಮೊದಲು ಈ ಕಟ್ಟಡ ಇಷ್ಟು ಅಪಾಯದ್ದಾಗಿರಲಿಲ್ಲ.

ಇದು ಎಂಥ ಜಾಗ ಎಂದು ನಿಮ್ಮ ಸೂಪರ್‌ವೈಸರ್ ಕೇಳಲಿಲ್ಲ, ನಾನೇ ಹೇಳುತ್ತೇನೆ. ಸುತ್ತಲಿನ ತೋಟಗಳ ಚೆರ್ರಿ (ಸಿಪ್ಪೆ ಸಮೇತದ ಕಾಫಿ ಹಣ್ಣು), ಪಾರ್ಚ್‌ಮೆಂಟು (ತಿರುಳು ತೆಗೆದ, ಒಳಸಿಪ್ಪೆ ಉಳಿದ ಬೀಜ) ಇಲ್ಲಿಗೆ ಬಂದು, ಕಣದಲ್ಲಿ ಒಣಗಿ, ಸಿಪ್ಪೆ ಬಿಡಿಸಿಕೊಂಡು, ಗ್ರೇಡಾಗಿ ಮೂಟೆ ಸೇರುತ್ತಿತ್ತು. ಉದ್ದನೆಯ ಹಾಲಿನಲ್ಲಿ ಸಾಲಾಗಿ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದವರು ಇದೇ ಬಡಾವಣೆಯ ಹೆಂಗಸರು. 1990ರ ದಶಕದಲ್ಲಿ ಬೆಳೆದ ಕಾಫಿಯನ್ನು ಬೋರ್ಡಿಗೇ ಒಪ್ಪಿಸಬೇಕಿದ್ದ ಕಾಫಿ ಬೋರ್ಡಿನ ಪೂಲ್ ಪದ್ಧತಿ ಹಂತಹಂತವಾಗಿ ಹೋಗಿ, ಬೆಳೆಗಾರರು ತಮಗೆ ಬೇಕಾದ ಕಡೆ ಮಾರುವಂತಾದ ಮೇಲೆ ಇಲ್ಲಿಗೆ ಮಾಲು ಬರುವುದು ಕಡಿಮೆಯಾಗಿ ಬೀಗ ಬಿತ್ತು. ಕಲ್ಲಿನ ಗೋಡೆ, ಮರದ ತೊಲೆ ಇವತ್ತಿಗೂ ಗಟ್ಟಿ. ಮೊದಲಿದ್ದ ಮಂಗಳೂರು ಹೆಂಚು ತೆಗೆದು ಮಧ್ಯದಲ್ಲಿ ಯಾರೋ ಆಸ್ಬೆಸ್ಟಾಸ್ ಸಿಮೆಂಟ್ ಶೀಟು ಹೊದಿಸಿದ್ದರು. ಅದನ್ನು ತೆಗೆಸಿ ಮತ್ತೆ ಹೆಂಚು ಹಾಕಿ, ವಾಚನಾಲಯ, ಹೊಲಿಗೆ ತರಬೇತಿ, ಮಕ್ಕಳ ಸಂಜೆಪಾಠ ನಡೆಸೋಣ ಎಂದು ಬಡಾವಣೆಯವರು ಹಣ ಕೂಡಿಸಿದ್ದೇವೆ. ಅಲ್ಲಿ ಬೀಜ ಆರಿಸಿದ ಅಜ್ಜಿಯರು ವೃದ್ಧಾಪ್ಯ ವೇತನದಲ್ಲಿ ಉಳಿಸಿ ಕೊಟ್ಟ ದುಡ್ಡೂ ಇದರಲ್ಲಿದೆ. ನಿಮಗೆ ಮುಂಗಡ ಕೊಟ್ಟದ್ದು ಆ ದುಡ್ಡಿನಲ್ಲೇ.

ಕೊಟೇಶನ್ ಕೊಡುವಾಗ ನಮಗೆ ಪಾಠ ಹೇಳಿದವರು ನೀವೇ. ಇಂಥ ಶೀಟಿನಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಕಲ್ನಾರಿನ ಎಳೆ, ಮಿಕ್ಕದ್ದು ಬಹುಪಾಲು ಸಿಮೆಂಟು. ಶೀಟು ಇಡಿಯಾಗಿರುವ ತನಕ ಎಳೆ ಸಿಮೆಂಟಿನ ಹಿಡಿತದಲ್ಲಿರುತ್ತದೆ. ಒಡೆದರೆ, ಕೊಯ್ದರೆ, ಉಜ್ಜಿದರೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗಾಳಿಗೆದ್ದು ಶ್ವಾಸಕೋಶದ ಆಳದಲ್ಲಿ ಕೂರುತ್ತದೆ ಎಂದಿರಿ. ಅದಕ್ಕೇ ಶೀಟನ್ನು ನೀರಿನಿಂದ ಒದ್ದೆ ಮಾಡಿ, ಬೋಲ್ಟುಗಳನ್ನಷ್ಟೇ ಕತ್ತರಿಸಿ, ಒಂದೊಂದನ್ನೂ ಇಡಿಯಾಗಿ ಕೆಳಗಿಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತುತ್ತೇವೆ ಎಂದು ಒಪ್ಪಂದದಲ್ಲಿ ಬರೆದಿರಿ. ಬೇರೆಯವರಿಗಿಂತ ನಿಮ್ಮ ದರ ಜಾಸ್ತಿಯಿದ್ದರೂ ನಿಮಗೇ ಕೆಲಸ ಕೊಟ್ಟದ್ದು ಆ ಮಾತು ನಂಬಿ.

ನೀರಿನ ಟ್ಯಾಂಕರ್ ಬಂತು, ನಿಜ. ಮೊದಲ ದಿನ ಫೋಟೋ ತೆಗೆಯುವಷ್ಟು ಹೊತ್ತು ನೀರು ಹೊಡೆದರು. ಆಮೇಲೆ ಅದು ಗೇಟಿನ ಹತ್ತಿರ ನಿಂತೇ ಇತ್ತು. ತುಕ್ಕು ಹಿಡಿದ ಬೋಲ್ಟು ಬಿಚ್ಚಲು ಬರುವುದಿಲ್ಲವೆಂದು ಶೀಟಿಗೇ ಸುತ್ತಿಗೆ ಏಟು ಬಿತ್ತು. ಬಗ್ಗದ ಕಡೆ ಗ್ರೈಂಡರಿನಲ್ಲಿ ಅಡ್ಡಡ್ಡ ಕೊಯ್ದರು. ಚೂರುಗಳನ್ನು ಮೇಲಿನಿಂದಲೇ ಕಣಕ್ಕೆ ಎಸೆದರು. ಪಕ್ಕದ ಮನೆಯವರು ತಾರಸಿಯಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಬಿಳಿ ಪುಡಿ ಕೂತದ್ದನ್ನು ನಿಮ್ಮ ಸೂಪರ್‌ವೈಸರಿಗೆ ಕರೆದು ತೋರಿಸಿದ್ದೇವೆ. “ಸಿಮೆಂಟು ಸಾರ್, ತೊಳೆದರೆ ಹೋಗುತ್ತೆ” ಎಂದರು. ಕೊನೆಗೆ ಕಸ ತೆಗೆಯಲು ತಂದದ್ದು ಏನು ಗೊತ್ತೇ? ತೋಟದಲ್ಲಿ ತರಗೆಲೆ ಹಾರಿಸುವ ಬ್ಲೋವರ್. ಈ ಧೂಳಿಗೆ ಪೊರಕೆಯನ್ನೇ ಮುಟ್ಟಿಸಬಾರದು.

ಇನ್ನು ಡ್ರೈಯರ್ ಕೋಣೆ. ಬಿಸಿಗಾಳಿಯ ಪೈಪುಗಳಿಗೆ ಸುತ್ತಿರುವ ಬೆಳ್ಳನೆಯ ಹೊದಿಕೆ ಬೆರಳು ತಾಕಿದರೆ ಉದುರುತ್ತದೆ. ಹಳೆಯ ಬಾಯ್ಲರ್, ಪೈಪುಗಳ ಶಾಖ ತಡೆಯಲು ಕಲ್ನಾರನ್ನು ಧಾರಾಳವಾಗಿ ಬಳಸುತ್ತಿದ್ದರು. ಹೀಗೆ ಉದುರುವ ಹೊದಿಕೆ ಶೀಟಿಗಿಂತ ಎಷ್ಟೋ ಪಾಲು ಅಪಾಯ. ಕೋಣೆಯನ್ನೇ ಮುಚ್ಚಿ, ಒಳಗಿನ ಗಾಳಿಯನ್ನು ಸೋಸಿ ಹೊರಬಿಡುತ್ತ ಮಾಡಬೇಕಾದ ಕೆಲಸ ಅದು. ನೀವು ಅದರ ಸ್ಯಾಂಪಲ್ ಕೂಡ ಲ್ಯಾಬಿಗೆ ಕಳಿಸದೆ ‘ಸುಣ್ಣದ ಗಾರೆ’ ಎಂದು ವರದಿಯಲ್ಲಿ ಬರೆದಿದ್ದೀರಿ. ಅರ್ಧ ಹೊದಿಕೆ ಕಿತ್ತು ಅಲ್ಲೇ ಮೂಲೆಯಲ್ಲಿ ಗುಡ್ಡೆ ಹಾಕಿದ್ದೀರಿ. ನಾವು ಕೋಣೆಗೆ ಬೀಗ ಹಾಕಿ, ಬಾಗಿಲ ಸಂದಿಗೆ ಟೇಪು ಹಚ್ಚಿದ್ದೇವೆ.

ಬಿಲ್ಲಿನ ದೊಡ್ಡ ಮೊತ್ತ ಇರುವುದು ‘ಅಪಾಯಕಾರಿ ತ್ಯಾಜ್ಯ ಸಾಗಣೆ ಮತ್ತು ವಿಲೇವಾರಿ’ ಎಂಬ ಬಾಬ್ತಿನಲ್ಲಿ. ದಾಬಸ್‌ಪೇಟೆಯ ಅಧಿಕೃತ ಘಟಕಕ್ಕೆ ಒಯ್ಯುವುದಾಗಿ ಒಪ್ಪಂದವಿತ್ತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಸಾಗಣೆಗೆ ನಮೂನೆ 10ರ ಮ್ಯಾನಿಫೆಸ್ಟ್ (ಸಾಗಣೆ ದಾಖಲೆ ಪತ್ರ) ಏಳು ಪ್ರತಿಗಳಲ್ಲಿ ಇರಬೇಕು. ಕಳಿಸಿದವರ ಸಹಿ ಬೇಕು, ಮಾಲು ಮುಟ್ಟಿದ ಮೇಲೆ ಪಡೆದವರ ಸಹಿಯೂ ಬೇಕು. ನಮ್ಮಿಂದ ನೀವು ಒಂದು ಸಹಿಯನ್ನೂ ಕೇಳಲಿಲ್ಲ. ಶೀಟು ಎಲ್ಲಿ ಹೋಯಿತೆಂದು ಕೇಳಿದರೆ ಲಾರಿ ನಂಬರ್ ಹೇಳಿದಿರಿ. ನಾವೇ ಕಂಡದ್ದು ಬೇರೆ: ಇಡಿಯಾಗಿ ಉಳಿದ ಶೀಟುಗಳು ಹಿಂದಿನ ಬೀದಿಯ ಕೋಳಿಗೂಡಿನ ಮೇಲಿವೆ, ಚೂರುಗಳನ್ನು ಒಂದು ತೋಟದ ಕೆಸರು ದಾರಿಗೆ ಸುರಿದಿದ್ದಾರೆ. ಟ್ರ್ಯಾಕ್ಟರ್ ಓಡಾಡಿದಷ್ಟೂ ಅದು ಅರೆದು ಹಿಟ್ಟಾಗುತ್ತದೆ. ಎರಡರ ಫೋಟೋಗಳೂ ಈ ಪತ್ರದ ಜೊತೆಗಿವೆ.

ಗಾಳಿ ಪರೀಕ್ಷೆಯ ವರದಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜಡಿಮಳೆ ಹಿಡಿದ ದಿನ, ಗೇಟಿನ ಹೊರಗೆ ಯಂತ್ರ ಇಟ್ಟು ಗಾಳಿ ಶುದ್ಧವಾಗಿದೆ ಎಂದಿದ್ದೀರಿ. ಮಲೆನಾಡಿನ ಮಳೆಗೆ ಆ ಕೀರ್ತಿ ಸಲ್ಲಲಿ.

ನನಗೆ ಹೆಚ್ಚು ಸಂಕಟವಾಗಿರುವುದು ಮಾಡು ಹತ್ತಿದ ಹುಡುಗರ ವಿಷಯ. ಮೂಗಿಗೆ ಟವೆಲ್ ಕಟ್ಟಿಕೊಂಡು ಕೆಲಸ ಮಾಡಿದರು, ಅದೇ ಬಟ್ಟೆಯಲ್ಲಿ ಊಟಕ್ಕೆ ಕೂತರು, ಅದೇ ಬಟ್ಟೆಯಲ್ಲಿ ಮನೆಗೆ ಹೋದರು. ಟವೆಲ್ಲಿನಲ್ಲಿ ಈ ಎಳೆ ನಿಲ್ಲುವುದಿಲ್ಲ. ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೊಮಾ (ಶ್ವಾಸಕೋಶದ ಹೊರಪೊರೆಯಂಥ ಕಡೆ ಬರುವ ಕ್ಯಾನ್ಸರ್) ಕಾಣಿಸಿಕೊಳ್ಳಲು ಎಷ್ಟೋ ಸಲ 20ರಿಂದ 40 ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ಸಂಸ್ಥೆಯ ಬೋರ್ಡು ಯಾವ ಊರಲ್ಲಿರುತ್ತದೋ. ಕಲ್ನಾರು ಉದ್ದಿಮೆಗಳು ಕೆಲಸಗಾರರ ಆರೋಗ್ಯ ದಾಖಲೆಯನ್ನು 40 ವರ್ಷ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದು ಕಾರ್ಖಾನೆಗಳಿಗೆ ಹೇಳಿದ್ದು ಎಂದು ನೀವು ವಾದಿಸಬಹುದು. ವಾದಿಸಿ, ಆದರೆ ಆ ಹುಡುಗರ ಹೆಸರಾದರೂ ನಿಮ್ಮ ಪುಸ್ತಕದಲ್ಲಿದೆಯೇ?

“ಅರ್ಧ ಊರೇ ಶೀಟಿನಡಿ ಬದುಕುತ್ತಿದೆ, ನಿಮ್ಮದೇನು ದೊಡ್ಡ ರಾಗ” ಎಂದು ಫೋನಿನಲ್ಲಿ ಕೇಳಿದಿರಿ. ಬದುಕುತ್ತಿದೆ, ಹೌದು. ಅವರ್ಯಾರೂ ತಮ್ಮ ಮಾಡಿಗೆ ಗ್ರೈಂಡರ್ ಹಾಕುತ್ತಿಲ್ಲ, ‘ವೈಜ್ಞಾನಿಕ ತೆರವು’ ಎಂದು ಬಿಲ್ಲು ಕಳಿಸುತ್ತಲೂ ಇಲ್ಲ.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಮ್ಯಾನಿಫೆಸ್ಟಿನ ಪ್ರತಿಗಳನ್ನು ಕೊಡಿ. ಇಲ್ಲವಾದರೆ ಇಲ್ಲವೆಂದು ಬರೆದು ಕೊಡಿ. ಕೋಳಿಗೂಡಿನ ಮನೆಯವರಿಗೆ ಬದಲಿ ತಗಡು ಹಾಕಿಸಿ ಆ ಶೀಟುಗಳನ್ನೂ ತೋಟದ ದಾರಿಯ ಚೂರುಗಳನ್ನೂ ನೀರು ಹಾಕಿ ಎತ್ತಿಸಿ, ಸುತ್ತಿ, ಒಯ್ಯಬೇಕಾದ ಕಡೆಗೇ ಒಯ್ಯಿರಿ. ಪೈಪಿನ ಹೊದಿಕೆಯನ್ನು ನಾವು ಆರಿಸುವ ಲ್ಯಾಬಿನಲ್ಲಿ ನಿಮ್ಮ ಖರ್ಚಿನಲ್ಲಿ ಪರೀಕ್ಷೆ ಮಾಡಿಸಬೇಕು. ಹಾಲ್ ಮತ್ತು ಕಣದ ಧೂಳನ್ನು ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಜರಡಿ) ಇರುವ ವ್ಯಾಕ್ಯೂಮಿನಿಂದ, ಆಮೇಲೆ ಒದ್ದೆ ಬಟ್ಟೆಯಿಂದ ತೆಗೆಸಿ, ಗಾಳಿ ಪರೀಕ್ಷೆಯನ್ನು ಕಟ್ಟಡದ ಒಳಗೆ, ನಮ್ಮ ಎದುರಿಗೆ ಮಾಡಿಸಿ. ಕೆಲಸಕ್ಕೆ ಬರುವವರಿಗೆ ಸರಿಯಾದ ಮಾಸ್ಕು, ಬಿಸಾಡುವ ಮೇಲುಡುಪು ಕಾಣದಿದ್ದರೆ ಗೇಟು ತೆರೆಯುವುದಿಲ್ಲ. ಈಗಾಗಲೇ ಮಾಡಿ ಹೋದ ಹುಡುಗರಿಗೆ ಎದೆಯ ತಪಾಸಣೆ ಮಾಡಿಸಿ, ಅದರ ದಾಖಲೆಯ ಒಂದು ಪ್ರತಿ ಅವರ ಕೈಗೇ ಕೊಡಿ.

ಇಷ್ಟು ಆಗುವ ತನಕ ಬಾಕಿ ಹಣ ಸಮಿತಿಯ ಖಾತೆಯಲ್ಲೇ ಇರುತ್ತದೆ. ಗಡುವು ಮೀರಿದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಸಮಿತಿಯ ಸಭೆಯಲ್ಲಿ ತೀರ್ಮಾನವಾಗಿದೆ. ಪತ್ರದ ಪ್ರತಿಗಳನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿಗಳಿಗೂ ನಗರಸಭೆಯ ಪೌರಾಯುಕ್ತರಿಗೂ ಕಳಿಸಲಾಗಿದೆ.

ಇತಿ,
ತಮ್ಮ ವಿಶ್ವಾಸಿ,
ಸಮಿತಿಯ ಪರವಾಗಿ, ಕಾರ್ಯದರ್ಶಿ