ಪೇಪರ್ ಎಷ್ಟು ಅಂತ ಕೇಳಬೇಡ, ಪುಟ್ಟಾ

ಪ್ರೀತಿಯ ಪುಟ್ಟಾ,

ನೀನು ಕಳಿಸಿದ ಎರಡೂ ಬ್ರೋಷರ್ ಓದಿದೆ. ಪಿಎಚ್‌ಡಿಗೆ ಎರಡು ಕಡೆ ಸೀಟು ಸಿಕ್ಕಿದೆ, ಎಲ್ಲಿಗೆ ಸೇರಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಒಂದು ಕಡೆ ಕಂಪ್ಯೂಟರ್ ಸೈನ್ಸ್ ವಿಭಾಗದವರು ತಾವು ಪ್ರಕಟಿಸಿದ ಸಂಶೋಧನಾ ಪೇಪರ್‌ಗಳ ಲೆಕ್ಕವನ್ನೇ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದಾರೆ. ಇನ್ನೊಂದು ಕಡೆ ಆರೇಳು ಮೇಷ್ಟ್ರುಗಳ ಹೆಸರು, ಯಾರು ಏನು ಮಾಡುತ್ತಿದ್ದಾರೆ ಅಂತ ನಾಲ್ಕು ಸಾಲು, ಅಷ್ಟೇ. ನಿಮ್ಮಪ್ಪನಿಗೆ ಮೊದಲನೆಯದೇ ಹಿಡಿಸಿದೆಯಂತೆ. ಅವರ ಹತ್ತಿರ ನಾನೇ ಮಾತಾಡುತ್ತೇನೆ ಬಿಡು.

ನಾನು ಇಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಕಾಲೇಜಿನ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನವರೋ ಎನ್‌ಬಿಎಯವರೋ ಬರುತ್ತಾರೆ ಅಂದರೆ ಈ ಪೇಪರ್ ಲೆಕ್ಕ ತಯಾರಾಗುತ್ತಿದ್ದದ್ದೇ ನನ್ನ ಟೇಬಲ್ ಮೇಲೆ. ಅದು ಹೇಗೆ ಬೆಳೆಯುತ್ತದೆ ಗೊತ್ತಾ? ಒಂದು ಪೇಪರ್‌ಗೆ ಮೂರು ಜನ ಲೇಖಕರು ಇರುತ್ತಾರೆ, ಮೂವರೂ ತಮ್ಮ ತಮ್ಮ ಪಟ್ಟಿಯಲ್ಲಿ ಅದನ್ನೇ ಬರೆದುಕೊಡುತ್ತಾರೆ, ಅವರಲ್ಲೊಬ್ಬರು ಎಲೆಕ್ಟ್ರಾನಿಕ್ಸ್ ವಿಭಾಗದವರಾದರೆ ಅಲ್ಲಿನ ಫೈಲಿಗೂ ಅದೇ ಪೇಪರ್ ಹೋಗಿ ಕೂರುತ್ತದೆ. ಕಾಲೇಜಿನ ಒಟ್ಟು ಮೊತ್ತ ಕೂಡುವಾಗ ಒಂದು ಅನ್ನುವುದು ಮೂರಾಗಿರುತ್ತದೆ. ನಾನು ಕೆಂಪು ಪೆನ್ನಿನಲ್ಲಿ ಹೊಡೆದು ವಾಪಸ್ ಕಳಿಸಿದರೆ "ಮೇಡಂ, ಹೋದ ವರ್ಷಕ್ಕಿಂತ ಕಮ್ಮಿ ಆಯ್ತಲ್ಲ" ಅಂತ ಮತ್ತೆ ಬರುತ್ತಿತ್ತು. 2016ರಲ್ಲಿ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಶುರುವಾದ ಮೇಲಂತೂ ಕೇಳಲೇಬೇಡ. ಇಂಜಿನಿಯರಿಂಗ್ ಪಟ್ಟಿಯಲ್ಲಿ ಸಂಶೋಧನೆಯ ಭಾಗಕ್ಕೇ ನೂರಕ್ಕೆ 30 ಅಂಕ. ಅಳೆಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅಳತೆಗೋಲು ಏನು ಅಂತ ಮೊದಲೇ ಗೊತ್ತಾದರೆ ಜನ ಅದಕ್ಕೆ ತಕ್ಕ ಹಾಗೆ ಕುಣಿಯುತ್ತಾರೆ, ಅಲ್ವಾ.

ಹಾಗಾಗಿ ಒಂದು ವಿಭಾಗ ಏನು ಕೊಟ್ಟಿದೆ ಅಂತ ತಿಳಿಯಬೇಕಾದರೆ ಸಂಖ್ಯೆ ಬಿಡು, ಒಂದೆರಡು ಪೇಪರ್ ತೆಗೆದು ಕೂತು ಓದು. ತೂಕ ಹಾಕುವುದಕ್ಕೆ ಹಳೇ ಪೇಪರ್ ಅಂಗಡಿಯವನಿದ್ದಾನೆ.

ಐಐಟಿ ಕಾನ್ಪುರದ ಕತೆ ನಿನಗೆ ಅರ್ಧ ಗೊತ್ತಿರುತ್ತದೆ. 2002ರ ಆಗಸ್ಟ್‌ನಲ್ಲಿ ಅಲ್ಲಿನ ಕಂಪ್ಯೂಟರ್ ಸೈನ್ಸ್ ವಿಭಾಗದಿಂದ ಒಂಬತ್ತು ಪುಟದ ಬರಹ ಬಂತು. ಬರೆದವರು ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕೊನೆಯ ಇಬ್ಬರು ಆಗತಾನೇ ಬಿಟೆಕ್ ಮುಗಿಸಿದ್ದ ಹುಡುಗರು. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಬೇಗನೆ ಹೇಳುವ ದಾರಿ ಮೊದಲೇ ಇತ್ತು, ಆದರೆ ಒಂದೋ ಅದರಲ್ಲಿ ಕೂದಲೆಳೆಯಷ್ಟು ಅನುಮಾನ ಉಳಿಯುತ್ತಿತ್ತು, ಇಲ್ಲವೇ ಇನ್ನೂ ಯಾರೂ ಸಾಧಿಸದ ಒಂದು ಗಣಿತದ ಊಹೆಯನ್ನು ನಂಬಬೇಕಿತ್ತು. ಇವರು ಎರಡೂ ಇಲ್ಲದೆ ಮಾಡಿ ತೋರಿಸಿದರು. ವಾರದೊಳಗೆ ಪ್ರಪಂಚಕ್ಕೆಲ್ಲ ಸುದ್ದಿ. 2006ರಲ್ಲಿ ಈ ಕ್ಷೇತ್ರದ ದೊಡ್ಡ ಗೌರವಗಳಾದ ಗೋಡೆಲ್ ಪ್ರಶಸ್ತಿ, ಫಲ್ಕರ್‌ಸನ್ ಪ್ರಶಸ್ತಿ ಎರಡೂ ಬಂದವು. ಕಯಾಲ್ ಆಮೇಲೆ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ಗೇ ಬಂದರು.

ಇಷ್ಟು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾಗುವುದು ಅದರ ಹಿಂದಿನದು. 1999ರಲ್ಲಿ ಅಗ್ರವಾಲ್ ಮತ್ತು ಸೋಮನಾಥ ಬಿಸ್ವಾಸ್ ಬೀಜಗಣಿತದ ಬಹುಪದಗಳನ್ನು ಹಿಡಿದು ಇದೇ ಪ್ರಶ್ನೆಗೆ ಒಂದು ಹೊಸ ದಾರಿ ತೋರಿಸಿದ್ದರು. 2001ರಲ್ಲಿ ಇಬ್ಬರು ಬಿಟೆಕ್ ವಿದ್ಯಾರ್ಥಿಗಳು ಅದನ್ನೇ ಪ್ರಾಜೆಕ್ಟ್ ಮಾಡಿ ಸ್ವಲ್ಪ ಮುಂದೆ ತಳ್ಳಿದರು. ಮರುವರ್ಷ ಕಯಾಲ್, ಸಕ್ಸೇನಾ ಅಲ್ಲಿಂದ ಎತ್ತಿಕೊಂಡರು. ಅಂದರೆ ಪ್ರಪಂಚ ನೋಡಿದ ಒಂಬತ್ತು ಪುಟದ ಕೆಳಗೆ ಯಾವ ಲೆಕ್ಕಕ್ಕೂ ಬರದ ಬಿಟೆಕ್ ಪ್ರಾಜೆಕ್ಟ್ ರಿಪೋರ್ಟ್‌ಗಳಿವೆ. ನಾವು ಆ ರಿಪೋರ್ಟ್‌ಗಳನ್ನು ಏನು ಮಾಡುತ್ತಿದ್ದೆವು ಹೇಳು? ಚಿನ್ನದಕ್ಷರದ ಬೈಂಡಿಂಗ್ ಮಾಡಿಸಿ ಕಪಾಟಿನಲ್ಲಿ ಪೇರಿಸಿ ಬೀಗ ಹಾಕುವುದು. ಒಂದೇ ಪ್ರಶ್ನೆಯನ್ನು ಮೇಷ್ಟ್ರು ವರ್ಷಗಟ್ಟಲೆ ಹಿಡಿದು, ಒಂದು ಬ್ಯಾಚಿನವರು ಬಿಟ್ಟಲ್ಲಿಂದ ಇನ್ನೊಂದು ಬ್ಯಾಚಿನವರು ಶುರುಮಾಡುವ ಜಾಗ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಸೇರು. ಅಂದ ಹಾಗೆ, ಬ್ಯಾಂಕಿನ ಗುಟ್ಟು ಕಾಯುವುದಕ್ಕೆ ಬೇಕಾದ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಇವತ್ತಿಗೂ ಹೆಚ್ಚಾಗಿ ಹಳೇ ಮಿಲ್ಲರ್-ರಾಬಿನ್ ವಿಧಾನದಲ್ಲೇ ಹುಡುಕುತ್ತಾರೆ, ಅದು ತುಂಬಾ ವೇಗ. ಅಂತ ಕಾನ್ಪುರದ ಕೆಲಸದ ಬೆಲೆ ಕಮ್ಮಿ ಆಯಿತಾ? ಇಲ್ಲವಲ್ಲ.

ಇನ್ನೊಂದು, ಪೇಪರ್ ಮಾತ್ರವೇ ಸಂಶೋಧನೆಯ ಫಲ ಅಲ್ಲ. ನಿನಗೆ ಕಂಪೈಲರ್ ಹುಚ್ಚು, ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶದ ಹುಚ್ಚು ಅಂತ ಹೇಳುತ್ತಿದ್ದೆಯಲ್ಲ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಆಡ್ವೆ ಮತ್ತು ಅವರ ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್ 2000ದಲ್ಲಿ ಶುರುಮಾಡಿದ ಎಲ್‌ಎಲ್‌ವಿಎಂ ಅನ್ನುವ, ಕಂಪೈಲರ್ ಕಟ್ಟುವುದಕ್ಕೆ ಬಳಸುವ ತಂತ್ರಾಂಶ ನೋಡು. ಪೇಪರ್ ಕೂಡ ಬಂತು, ಆದರೆ ಪ್ರಪಂಚ ಹಿಡಿದುಕೊಂಡದ್ದು ಆ ಕೋಡನ್ನು. ನಮ್ಮ ಐಐಎಸ್‌ಸಿಯ ಕಂಪ್ಯೂಟರ್ ಸೈನ್ಸ್ ಮೇಷ್ಟ್ರುಗಳು ಕೈ ಹಾಕಿದ ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ನಿಜ. ಆದರೆ ಸ್ಮಾರ್ಟ್‌ಫೋನ್ ಅನ್ನುವುದು ಮನೆಮನೆಗೆ ಬರುವ ಮುಂಚೆಯೇ ಅಂಗೈಯಗಲದ ಯಂತ್ರ, ಒಳಗೆ ಲಿನಕ್ಸ್, ಅಕ್ಷರ ಬಾರದವರಿಗೆ ನಮ್ಮ ಭಾಷೆಗಳಲ್ಲಿ ಓದಿ ಹೇಳುವ ಏರ್ಪಾಡು ಅಂತ ಯೋಚನೆ ಮಾಡಿದ್ದರು. ಅದು ಯಾವ ಕಾಲಮ್ಮಿಗೆ ಬರುತ್ತದೆ?

ರಾಜಾರಾಮನ್ ಮೇಷ್ಟ್ರನ್ನೂ ಹೇಳಲೇಬೇಕು. ಐಐಟಿ ಕಾನ್ಪುರಕ್ಕೆ 1963ರಲ್ಲಿ ಐಬಿಎಂ 1620 ಕಂಪ್ಯೂಟರ್ ಬಂದ ಕಾಲದಿಂದ ಕಲಿಸಿದವರು, 1982ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದವರು. ಫೋರ್‌ಟ್ರಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಕಮ್ಮಿ ಬೆಲೆಗೆ ಸಿಗುವ ಪುಸ್ತಕ ಬರೆದರು. ನಮ್ಮ ಲೈಬ್ರರಿಯಲ್ಲಿ ಆ ಪುಸ್ತಕದ ಕೊನೆಯಲ್ಲಿ ಅಂಟಿಸಿದ ಚೀಟಿಯಲ್ಲಿ ತಾರೀಕಿನ ಮುದ್ರೆ ಒತ್ತಲು ಜಾಗವಿಲ್ಲದೆ ಅದರ ಮೇಲೆ ಇನ್ನೊಂದು ಚೀಟಿ, ಅದರ ಮೇಲೆ ಮತ್ತೊಂದು ಅಂಟಿಸಿ ಹಿಂದಿನ ರಟ್ಟೇ ಮುಚ್ಚುತ್ತಿರಲಿಲ್ಲ. ಪಕ್ಕದ ಕಪಾಟಿನಲ್ಲೇ ಸಾವಿರಾರು ರೂಪಾಯಿ ಚಂದಾ ಕಟ್ಟಿ ತರಿಸಿದ ಜರ್ನಲ್‌ಗಳ ಕವರನ್ನೂ ಯಾರೂ ಬಿಚ್ಚಿರಲಿಲ್ಲ. ಹೀಗಿರುವಾಗ ಎಣಿಸುವವರ ಮೇಲೆ ನನಗೆ ನಂಬಿಕೆ ಹೇಗೆ ಬರಬೇಕು!

ಈಗ ಕೆಲಸದ ಮಾತು. ಡಿಬಿಎಲ್‌ಪಿ ಅಂತ ಇದೆ, ಜರ್ಮನಿಯಲ್ಲಿ 1993ರಲ್ಲಿ ಶುರುವಾದ, ಕಂಪ್ಯೂಟರ್ ಸೈನ್ಸ್ ಪೇಪರ್‌ಗಳ ಆನ್‌ಲೈನ್ ಪಟ್ಟಿ, ಪುಕ್ಕಟೆ. ಅಲ್ಲಿ ನಿನ್ನ ಗೈಡ್ ಆಗುವವರ ಹೆಸರು ಹಾಕಿ ನೋಡು. ಎಲ್ಲಿ ಪ್ರಕಟವಾಗಿದೆ ಅಂತ ಗಮನಿಸು. ಬೇರೆ ವಿಷಯಗಳಲ್ಲಿ ಜರ್ನಲ್ಲೇ ದೊಡ್ಡದು, ಕಂಪ್ಯೂಟರ್ ಸೈನ್ಸ್‌ನಲ್ಲಿ ಒಳ್ಳೇ ಕೆಲಸ ಮೊದಲು ಕಾನ್ಫರೆನ್ಸ್‌ಗೆ ಹೋಗುತ್ತದೆ. ಕಂಪೈಲರ್‌ನವರಿಗೆ ಪಿಎಲ್‌ಡಿಐ, ಡೇಟಾಬೇಸ್‌ನವರಿಗೆ ಸಿಗ್ಮಾಡ್, ಥಿಯರಿಯವರಿಗೆ ಸ್ಟಾಕ್ ಮತ್ತು ಫಾಕ್ಸ್. ಸುಮ್ನೆ ಹೋಟೆಲ್ ಹಾಲ್ ಬುಕ್ ಮಾಡಿ, ದುಡ್ಡು ಕಟ್ಟಿದವರದ್ದೆಲ್ಲ ತೆಗೆದುಕೊಳ್ಳುವ ಕಾನ್ಫರೆನ್ಸ್‌ಗಳು ಬೇರೆ ಜಾತಿ. ಪೇಪರ್ ಜೊತೆ ಕೋಡ್ ಇಟ್ಟಿದ್ದಾರಾ, ಅದು ನಿನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದಾ ನೋಡು. ವಿದ್ಯಾರ್ಥಿಯ ಹೆಸರು ಮೊದಲು ಬಂದಿದೆಯಾ, ಅಥವಾ ಎಲ್ಲದರಲ್ಲೂ ವಿಭಾಗದ ಹೆಡ್ ಹೆಸರು ಇದೆಯಾ, ಅದನ್ನೂ ನೋಡು.

ಯಾರಾದರೂ "ದುಡ್ಡು ಕಟ್ಟಿದರೆ ತಿಂಗಳಲ್ಲಿ ಸ್ಕೋಪಸ್ ಜರ್ನಲ್‌ನಲ್ಲಿ (ಸ್ಕೋಪಸ್ ಅನ್ನುವ ದೊಡ್ಡ ಸೂಚಿಯಲ್ಲಿ ಸೇರಿರುವ ಜರ್ನಲ್) ಹಾಕಿಸಿಕೊಡುತ್ತೇವೆ" ಅಂದರೆ ಆ ಕಡೆ ತಲೆ ಹಾಕಬೇಡ. 2005ರಲ್ಲಿ ಎಂಐಟಿ ಹುಡುಗರು ತಲೆಬುಡವಿಲ್ಲದ ಪೇಪರ್ ತಾನಾಗಿ ಬರೆಯುವ ಒಂದು ಪ್ರೋಗ್ರಾಮ್ ಮಾಡಿ ಕಳಿಸಿದರೆ ಒಂದು ಕಾನ್ಫರೆನ್ಸ್‌ನವರು ಒಪ್ಪಿಬಿಟ್ಟಿದ್ದರು. ಅದೇ ಪ್ರೋಗ್ರಾಮ್ ಬರೆದ 120ಕ್ಕೂ ಹೆಚ್ಚು ಪೇಪರ್‌ಗಳನ್ನು 2014ರಲ್ಲಿ ಸ್ಪ್ರಿಂಗರ್, ಐಇಇಇಯಂಥ ದೊಡ್ಡ ಪ್ರಕಾಶಕರೇ ತೆಗೆದು ಹಾಕಬೇಕಾಯಿತು. 2023ರಲ್ಲಿ ಹಿಂದಾವಿ ಅನ್ನುವ ಪ್ರಕಾಶನ ಸಂಸ್ಥೆ ಒಂದೇ 8,000ಕ್ಕೂ ಹೆಚ್ಚು ಪೇಪರ್ ವಾಪಸ್ ತೆಗೆದುಕೊಂಡಿತು. ವಾಪಸ್ ಹೋದ ಪೇಪರ್ ಮೇಲೆ ನಿನ್ನ ಹೆಸರು ಹಾಗೇ ಇರುತ್ತದೆ ಪುಟ್ಟಾ, ಯಾರು ಹುಡುಕಿದರೂ ಸಿಗುತ್ತದೆ. ಈಗ ಆತುರಪಡುವ ಕಾರಣವೂ ಇಲ್ಲ. ಥೀಸಿಸ್ ಕೊಡುವ ಮುಂಚೆ ಪೇಪರ್ ಪ್ರಕಟವಾಗಿರಲೇಬೇಕು ಅನ್ನುವ ನಿಯಮವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ಕೆಲವು ಸಂಸ್ಥೆಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ, ಸೇರುವ ಮುಂಚೆ ಬರಹದಲ್ಲಿ ಕೇಳಿಕೋ.

ನನ್ನ ಮನಸ್ಸು ಎರಡನೆಯ ಜಾಗದ ಕಡೆಗಿದೆ, ಮುಚ್ಚಿಡುವುದಿಲ್ಲ. ಆದರೂ ನನ್ನ ಮಾತಿಗೇ ಸೇರಬೇಡ. ಅಲ್ಲಿ ಕಂಪೈಲರ್ ಕೆಲಸ ಮಾಡುವ ಮೇಡಂಗೆ ಈ ವಾರವೇ ಒಂದು ಮೇಲ್ ಹಾಕು, ಇತ್ತೀಚೆಗೆ ಮುಗಿಸಿದ ಒಬ್ಬ ವಿದ್ಯಾರ್ಥಿಯ ಥೀಸಿಸ್ ಓದಲು ಸಿಗುತ್ತದಾ ಅಂತ ವಿನಯವಾಗಿ ಕೇಳು. ಆ ವಿದ್ಯಾರ್ಥಿಯನ್ನೂ ಹುಡುಕಿ ಮಾತಾಡು, ಎಷ್ಟು ವರ್ಷ ಹಿಡಿಯಿತು, ಸ್ಟೈಪೆಂಡ್ ತಿಂಗಳಿಗೆ ಸರಿಯಾಗಿ ಬರುತ್ತಿತ್ತಾ, ಮೇಡಂ ಡ್ರಾಫ್ಟ್ ಓದಿ ವಾಪಸ್ ಕೊಡುತ್ತಿದ್ದರಾ ಅಂತ. ಥೀಸಿಸ್ ಬಂದರೆ ನನಗೂ ಕಳಿಸು. ಗಣಿತ ತಲೆಗೆ ಹತ್ತದಿದ್ದರೂ ಪೀಠಿಕೆ ಓದಿದರೆ ಅವರೇ ಬರೆದದ್ದೋ ಎಲ್ಲಿಂದಲೋ ಎತ್ತಿದ್ದೋ ಅಂತ ನನಗೆ ತಿಳಿಯುತ್ತದೆ.

ಅಮ್ಮನಿಗೆ ನಾನು ಭಾನುವಾರ ಫೋನ್ ಮಾಡುತ್ತೇನೆ ಅಂತ ಹೇಳು.

ಇಂತಿ ನಿನ್ನ
ದೊಡ್ಡಮ್ಮ